ಊಟದ ಭಯಕ್ಕೆ ಸಿಬಿಡಿ ಎಣ್ಣೆ: ಶಿರಸಿಯ ಅಕ್ಕನಿಗೆ

ಅಕ್ಕಾ, ಅನೊರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಡುವ ಮನೋರೋಗ) ಇರುವ ಮಗಳು ತಟ್ಟೆ ಮುಂದೆ ಕೂತರೆ ನಡುಗುತ್ತಾಳೆ, ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ ಜೊತೆ ಸಿಬಿಡಿ (ಗಾಂಜಾ ಗಿಡದ, ಅಮಲೇರಿಸದ ಅಂಶ) ಎಣ್ಣೆ ಹತ್ತು ಹನಿ ಕೊಡಬಹುದಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ಲೆಕ್ಕ ನೋಡಿ. ನೀವು ಹೇಳಿದ 30 ಮಿಲಿ ಬಾಟಲಿಯಲ್ಲಿ 1500 ಮಿಗ್ರಾಂ ಇದ್ದರೆ ಹನಿಗೆ ಸುಮಾರು 2.5, ಹತ್ತು ಹನಿಗೆ 25 ಮಿಗ್ರಾಂ. ಸಭಾಕಂಪನದ ಪ್ರಯೋಗಗಳಲ್ಲಿ ಆತಂಕ ತಗ್ಗಿದ್ದು 300, 600 ಮಿಗ್ರಾಂನಂಥ ಒಂದೇ ಡೋಸಿಗೆ. 300 ಅಂದರೆ 120 ಹನಿ! ಅದೂ ಭಾಷಣದ ಭಯಕ್ಕೆ, ಅನ್ನದ ಭಯಕ್ಕಲ್ಲ.

ಜಿಡ್ಡಿನ ಊಟದ ಜೊತೆ ಸಿಬಿಡಿ ನಾಲ್ಕೈದು ಪಟ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ. ಬರೀ ತಂಬುಳಿ ಕುಡಿದ ದಿನ ಒಂದು ಮಟ್ಟ, ತುಪ್ಪ ಹಾಕಿ ಉಂಡ ದಿನ ಇನ್ನೊಂದು. ಎಸ್ಸಿಟಲೋಪ್ರಾಮನ್ನು ಒಡೆಯುವ ಲಿವರ್ ಕಿಣ್ವವನ್ನು ಸಿಬಿಡಿ ತಡೆಯುವುದರಿಂದ ಆ ಮಾತ್ರೆಯ ಮಟ್ಟವೂ ಏರಬಹುದು. ಅದರ ಜೊತೆ ವಾಂತಿ ಮಾಡಿಕೊಂಡು ರಕ್ತದ ಪೊಟ್ಯಾಸಿಯಂ ಇಳಿದಿದ್ದರೆ ಹೃದಯದ ಲಯ ತಪ್ಪೀತು. 2018ರಲ್ಲಿ ಅಮೆರಿಕ ಅಪಸ್ಮಾರಕ್ಕೆ ಒಪ್ಪಿದ ಸಿಬಿಡಿ ಔಷಧ ಎಪಿಡಿಯೊಲೆಕ್ಸ್‌ನ ಅಡ್ಡಪರಿಣಾಮಗಳಲ್ಲೇ ಹಸಿವು ತಗ್ಗುವುದು, ತೂಕ ಇಳಿಯುವುದು ಇದೆ. ಗಾಂಜಾ ಹಸಿವು ಹುಟ್ಟಿಸುತ್ತದೆ ಅಂತಾರಲ್ಲ, ಅದು ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿಯ ಗುಣ.

ಕಾರವಾರದ ಮೆಡಿಕಲ್ ಕಾಲೇಜಿಗೆ ಮನೋವೈದ್ಯರ ಹತ್ತಿರ ಹೋಗುವಾಗ ಬಾಟಲಿ, ಔಷಧದ ಚೀಟಿ ಎರಡೂ ಇರಲಿ. ಇಸಿಜಿ, ಪೊಟ್ಯಾಸಿಯಂ, ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮಾಡಿಸಿ ಅಂತ ನೀವೇ ಕೇಳಿ. ಈಗಾಗಲೇ ಹನಿ ಕೊಟ್ಟಿದ್ದರೆ ಮುಚ್ಚಿಡಬೇಡಿ. ಎಸ್ಸಿಟಲೋಪ್ರಾಮ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ತಲೆಸುತ್ತಿ ಬಿದ್ದರೆ, ಎದೆ ಡವಡವ ಅಂದರೆ ಕಾರವಾರದವರೆಗೆ ಕಾಯದೆ ಶಿರಸಿಯ ಸರ್ಕಾರಿ ಆಸ್ಪತ್ರೆಗೇ ಹೋಗಿ.