ಬೇರೆ ಬೇರೆ ಹಿನ್ನೆಲೆಯ ರೋಗಿಗಳ ಜೊತೆ ಕೆಲಸ ಮಾಡುವುದನ್ನು ಮನೋಚಿಕಿತ್ಸಕರಿಗೆ ಯಾರಾದರೂ ಕಲಿಸುತ್ತಾರೆಯೇ?

ನೀವು ಬಿ.ಎ. ಎರಡನೇ ವರ್ಷದಲ್ಲಿದ್ದೀರಿ, ಮನಶ್ಶಾಸ್ತ್ರ ಒಂದು ವಿಷಯ, ಪಿಯುಸಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಂದು ಬರೆದಿದ್ದೀರಿ. ಮನೋಚಿಕಿತ್ಸಕಿಯಾಗಲು ಏನು ಓದಬೇಕು, ಜಾತಿ, ಧರ್ಮ, ಭಾಷೆ, ವಯಸ್ಸು ಎಲ್ಲವೂ ಬೇರೆಯಾಗಿರುವವರ ಸಂಕಟ ಅರ್ಥವಾಗುವುದಾದರೂ ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಈ ಕೆಲಸಕ್ಕೆ ಬಂದು ಹದಿನೇಳು ವರ್ಷಗಳಾದವು. ಮೊದಲು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆ, ಈಗ ತುಮಕೂರಿನಲ್ಲಿ ಚಿಕ್ಕದೊಂದು ಕ್ಲಿನಿಕ್ ಇದೆ. ಕೆಳಗೆ ಬರುವ ರೋಗಿಗಳ ಊರು, ವಯಸ್ಸು, ಕಸುಬುಗಳನ್ನು ಅದಲುಬದಲು ಮಾಡಿದ್ದೇನೆ. ಯಾರೂ ಯಾರನ್ನೂ ಹುಡುಕಲು ಹೋಗಬೇಡಿ.

ಓದಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವರು ಮನೋವೈದ್ಯರು. ಮಾತ್ರೆ ಬರೆಯುವ ಅಧಿಕಾರ ಅವರದು. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮನಶ್ಶಾಸ್ತ್ರದಲ್ಲಿ ಎಂ.ಎ., ಆಮೇಲೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಆಮೇಲೆ ಆರ್‌ಸಿಐ ಎಂದು ಎಲ್ಲರೂ ಕರೆಯುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿಯನ್ನು ಹೇಳುತ್ತದೆ. ಈ ಕೋರ್ಸಿನ ಅಜ್ಜಿಮನೆ ನಮ್ಮ ಬೆಂಗಳೂರೇ. ಇಲ್ಲಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1950ರ ದಶಕದಲ್ಲಿ ಒಂದು ಡಿಪ್ಲೊಮಾ ಆರಂಭಿಸಿತ್ತು. ಆ ಸಂಸ್ಥೆ 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಈಗ ದಾರಿ ಬದಲಾಗುತ್ತಿದೆ. 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಆಮೇಲೆ ನಮ್ಮ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ 2025-26ರವರೆಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ನಾನು ಓದಿದ ಕೋರ್ಸನ್ನೇ ಹುಡುಕಬೇಡಿ, ನೀವು ಪದವಿ ಮುಗಿಸುವ ಹೊತ್ತಿಗೆ ಜಾರಿಯಲ್ಲಿರುವ ನಿಯಮ ನೋಡಿ.

ಆ ಎರಡು ವರ್ಷಗಳಲ್ಲಿ ಕಲಿತದ್ದು ಸಣ್ಣದಲ್ಲ. ಬೆಳಗ್ಗೆ ಒಪಿಡಿ, ಮಧ್ಯಾಹ್ನ ವಾರ್ಡು, ಸಂಜೆ ಸೂಪರ್‌ವೈಸರ್ ಎದುರು ಕೇಸ್ ಶೀಟ್ ಹಿಡಿದು ಕೂರುವುದು. ರೋಗಿ ಹೇಳಿದ್ದು ಇದು, ನೀನು ಊಹಿಸಿಕೊಂಡದ್ದು ಇದು ಎಂದು ಅವರು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದರು. ಎಷ್ಟೋ ಹಾಳೆಗಳಲ್ಲಿ ಎರಡನೆಯದೇ ಹೆಚ್ಚಿರುತ್ತಿತ್ತು. ಆದರೆ ಪುಸ್ತಕ ಇಂಗ್ಲಿಷ್, ಕೇಸ್ ಶೀಟ್ ಇಂಗ್ಲಿಷ್, ರೋಗಿ ಮಾತ್ರ ಕನ್ನಡ. ಈ ಕಂದಕದ ಬಗ್ಗೆ ಯಾರೂ ಒಂದು ಗಂಟೆಯ ಪಾಠವನ್ನೂ ಮಾಡಲಿಲ್ಲ.

ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿಯೊಬ್ಬರು ಬಂದಿದ್ದರು. ಏನಾಗುತ್ತಿದೆ ಅಮ್ಮಾ ಎಂದು ಕೇಳಿದೆ. "ಹೊಟ್ಟೆ ಉರಿಯುತ್ತದೆ" ಎಂದರು. ನಾನು ಕನ್ನಡದವಳೇ. ನನ್ನ ಅಜ್ಜಿ ಅದೇ ಮಾತನ್ನು ಅದೇ ಅರ್ಥದಲ್ಲಿ ಆಡಿದ್ದನ್ನು ಕೇಳುತ್ತಲೇ ಬೆಳೆದವಳು. ಆದರೂ ಕೈಯಲ್ಲಿ ಶಾರೀರಿಕ ಲಕ್ಷಣಗಳ ಕಾಲಂ ಇತ್ತಲ್ಲ, "ಊಟಕ್ಕೆ ಮೊದಲೋ, ಆಮೇಲೋ?" ಎಂಬ ಪ್ರಶ್ನೆ ಬಾಯಿಂದ ಬಿದ್ದುಹೋಯಿತು. ಆಕೆ ನನ್ನನ್ನೇ ನೋಡಿ, "ಹೆತ್ತ ಹೊಟ್ಟೆ ಕಣವ್ವಾ" ಎಂದಷ್ಟೇ ಹೇಳಿದರು. ಭಾಷೆ ಬರುವುದಕ್ಕೂ ಆ ಭಾಷೆಯಲ್ಲಿ ಕೇಳಿಸಿಕೊಳ್ಳುವುದಕ್ಕೂ ಎಷ್ಟು ದೂರವಿದೆ ಎಂದು ಅಂದು ಗೊತ್ತಾಯಿತು.

ಇನ್ನೊಂದು ಪೇಚು ಕೇಳಿ. ಆಲೋಚನೆ, ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಚಿಕಿತ್ಸೆಯಲ್ಲಿ ಆಲೋಚನೆಯನ್ನು ಒಂದು ಕಡೆ, ಭಾವನೆಯನ್ನು ಇನ್ನೊಂದು ಕಡೆ ಬರೆಯಿಸುತ್ತೇವೆ. ಬೇಸರ ಬರುವ ಮೊದಲು ತಲೆಯಲ್ಲಿ ಯಾವ ಮಾತು ಓಡಿತು ಎಂದು ರೋಗಿಯೇ ಹಿಡಿಯಬೇಕು. ಕನ್ನಡದಲ್ಲಿ "ಅನಿಸುತ್ತದೆ" ಎಂಬ ಒಂದೇ ಪದ ಈ ಎರಡೂ ಮನೆಗಳ ಬೀಗದ ಕೈ ಇಟ್ಟುಕೊಂಡಿದೆ. "ಅತ್ತೆಗೆ ನಾನು ಬೇಡವಾಗಿದ್ದೇನೆ ಅನಿಸುತ್ತದೆ" ಎಂದು ಒಬ್ಬರು ಬರೆದು ತಂದರೆ ಅದು ಯಾವ ಕಾಲಂ? ನಾನು ತಿಂಗಳುಗಟ್ಟಲೆ ಜನರಿಗೆ ಇವೆರಡರ ವ್ಯತ್ಯಾಸದ ಪಾಠ ಮಾಡಿ ಅವರನ್ನೂ ಬಳಲಿಸಿದೆ, ನಾನೂ ಬಳಲಿದೆ. ಕೊನೆಗೆ ಕಾಲಂಗಳನ್ನು ಪಕ್ಕಕ್ಕಿಟ್ಟು, ಹಾಗೆ ಅನಿಸಿದಾಗ ಮೈಯಲ್ಲಿ ಎಲ್ಲಿ ಏನಾಗುತ್ತದೆ ಎಂದು ಕೇಳತೊಡಗಿದೆ. ಉತ್ತರ ತಾನಾಗಿ ಬಂತು: ಗಂಟಲು ಕಟ್ಟುತ್ತದೆ, ಎದೆ ಭಾರವಾಗುತ್ತದೆ, ಕರುಳು ಕಿವುಚಿದಂತಾಗುತ್ತದೆ. ನಮ್ಮವರಿಗೆ ಭಾವನೆ ಹೇಳಲು ಬರುವುದಿಲ್ಲ, ಬರೀ ಮೈನೋವು ಹೇಳುತ್ತಾರೆ ಎಂದು ಸಹೋದ್ಯೋಗಿಗಳು ಗೊಣಗುವುದನ್ನು ಕೇಳಿದ್ದೇನೆ. ಕೇಳುವವರಿಗೆ ಬರುವುದಿಲ್ಲ ಎಂಬುದು ನನ್ನ ವಾದ.

ಮಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ನಮ್ಮ ಕಡೆ ಕೆಲಸ ಮಾಡುವವರು ಎದುರಿಸದೆ ಇರಲಾರರು. ಅರವತ್ತು ದಾಟಿದ ಮನೆಯೊಡತಿಯೊಬ್ಬರನ್ನು ಸೊಸೆ ಕರೆತಂದಿದ್ದರು. ಬೆಳಗಿನ ಸ್ನಾನಕ್ಕೆ ಎರಡೂವರೆ ಗಂಟೆ, ಮನೆಯ ತೊಟ್ಟಿ ಖಾಲಿ. ಸೊಸೆಯ ಪ್ರಕಾರ ಇದು ಕಾಯಿಲೆ, ಅತ್ತೆಯ ಪ್ರಕಾರ ಮಡಿ. ಗೀಳು ರೋಗಕ್ಕೆ ನಾವು ಕಲಿತ ಮದ್ದು ಏನೆಂದರೆ, ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿಸಿ ತೊಳೆದುಕೊಳ್ಳದಂತೆ ತಡೆಯುವುದು. ಆತಂಕ ಏರುತ್ತದೆ, ಕಾದರೆ ಇಳಿಯುತ್ತದೆ, ಇಳಿಯುತ್ತದೆಂದು ಮೈಗೆ ಗೊತ್ತಾಗುತ್ತದೆ. ಬಹಳ ಒಳ್ಳೆಯ ಚಿಕಿತ್ಸೆ. ಆದರೆ ಐವತ್ತು ವರ್ಷ ಮಡಿಯಲ್ಲಿ ಅಡುಗೆ ಮಾಡಿದವರ ಕೈಗೆ ಮೈಲಿಗೆಯ ಬಟ್ಟೆ ಕೊಟ್ಟು ಸುಮ್ಮನೆ ಕೂರಿ ಎಂದರೆ ಅವರು ಎದ್ದು ಹೋಗುತ್ತಾರೆ, ಹೋಗಬೇಕಾದದ್ದೇ. ನಾನು ಬೇರೆ ಪ್ರಶ್ನೆ ಕೇಳಿದೆ. ನಿಮ್ಮ ತಾಯಿಯವರು ಎಷ್ಟು ತಂಬಿಗೆ ನೀರು ಹಾಕಿಕೊಳ್ಳುತ್ತಿದ್ದರು? "ಹತ್ತು, ಹನ್ನೆರಡು." ಆಮೇಲೆ? "ಒದ್ದೆ ಸೀರೆಯಲ್ಲೇ ಒಲೆ ಹಚ್ಚುತ್ತಿದ್ದಳು." ನೀವು? ಬಹಳ ಹೊತ್ತು ಮಾತಿಲ್ಲ. ಮಡಿಗೆ ಒಂದು ಮುಗಿತಾಯವಿದೆ. ಮಿಂದಾಯಿತು, ಉಟ್ಟಾಯಿತು, ಕೆಲಸ ನಡೆಯಿತು. ಕಾಯಿಲೆಗೆ ಅದು ಇಲ್ಲ. ಅಮ್ಮನ ಹನ್ನೆರಡು ತಂಬಿಗೆಯೇ ನಮ್ಮ ಗುರಿಯಾಯಿತು. ಮನೋವೈದ್ಯರು ಮಾತ್ರೆಯನ್ನೂ ಕೊಟ್ಟರು. ಐದು ತಿಂಗಳ ಹೊತ್ತಿಗೆ ಸ್ನಾನ ಇಪ್ಪತ್ತು ನಿಮಿಷಕ್ಕೆ ಬಂತು. ಮಡಿ ಹಾಗೇ ಇದೆ. ಆ ಮಡಿಯ ಬಗ್ಗೆ ನನ್ನದೇ ಅಭಿಪ್ರಾಯಗಳಿವೆ, ಅವನ್ನು ಆ ಕೋಣೆಗೆ ಒಯ್ಯಲಿಲ್ಲ.

ದೇವರು, ದೆವ್ವ, ಮಾಟದ ವಿಷಯದಲ್ಲೂ ಹೀಗೆಯೇ. ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಎಂಬ ಮನೋವೈದ್ಯರು ಕರಾವಳಿಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪ್ರಕಟಿಸಿದರು. ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ ಹೀಗೆ ಹಲವು ಬಾಗಿಲು ತಟ್ಟುವ ಅಲ್ಲಿನ ಜನರನ್ನು ಕಪೂರ್ ಅವರು ಗೇಲಿ ಮಾಡಲಿಲ್ಲ, ಲೆಕ್ಕ ಇಟ್ಟರು. ನಾನೂ ಮೊದಲ ದಿನವೇ, ಇಲ್ಲಿಗೆ ಬರುವ ಮುಂಚೆ ಎಲ್ಲೆಲ್ಲಿ ತೋರಿಸಿದಿರಿ ಎಂದು ಸಹಜವಾಗಿ ಕೇಳುತ್ತೇನೆ. ತಾಯತ ಬಿಚ್ಚಿಸುವುದಿಲ್ಲ. ಮಾತ್ರೆ ನಿಲ್ಲಿಸು ಎಂದು ಹೇಳಿದವರಿದ್ದರೆ ಆಗ ಮಾತ್ರ ಜಗಳಕ್ಕೆ ನಿಲ್ಲುತ್ತೇನೆ.

ಭಾಷೆಯೇ ಬಾರದಿದ್ದರೆ? ಬೆಂಗಳೂರಿನಲ್ಲಿ ತಮಿಳು, ತೆಲುಗು, ಬಂಗಾಳಿ ಎಲ್ಲರೂ ಬರುತ್ತಿದ್ದರು. ಊದುಬತ್ತಿ ಹೊಸೆಯುವ ಹೆಂಗಸೊಬ್ಬರ ದಖನಿ ಉರ್ದುವನ್ನು ವಾರ್ಡಿನ ಆಯಾ ನನಗೆ ಕನ್ನಡಕ್ಕೆ ತಂದು ಹೇಳುತ್ತಿದ್ದರು. ಆಕೆ ಕಣ್ಣೀರಿಡುತ್ತಾ ಐದು ನಿಮಿಷ ಮಾತಾಡಿದರು. ಆಯಾ ನನ್ನ ಕಡೆ ತಿರುಗಿ, "ಬೇಜಾರಂತೆ ಮೇಡಂ" ಎಂದರು. ಅಷ್ಟೇ! ಆದರೂ ಆಯಾ ವಾಸಿ. ಅದಕ್ಕೆ ಮುಂಚಿನ ವಾರ ಆ ರೋಗಿಯ ಹನ್ನೊಂದು ವರ್ಷದ ಮಗಳಿಂದ ಅನುವಾದ ಮಾಡಿಸಿದ್ದೆ. ಅಪ್ಪ ಅಮ್ಮನಿಗೆ ಹೊಡೆದದ್ದನ್ನು ಆ ಮಗು ನನ್ನೆದುರು ಕನ್ನಡದಲ್ಲಿ ಹೇಳಬೇಕಾಯಿತು. ಆ ತಪ್ಪನ್ನು ನಾನು ಮತ್ತೆ ಮಾಡಿಲ್ಲ.

ಇನ್ನು ಜಾತಿ. ಪಠ್ಯಕ್ರಮದಲ್ಲಿ ಅದು ಸಾಮಾಜಿಕ ಅಂಶಗಳು ಎಂಬ ಶೀರ್ಷಿಕೆಯಡಿ ಅರ್ಧ ಪುಟ ಇತ್ತು. ಪೌರಕಾರ್ಮಿಕರೊಬ್ಬರು ನಿದ್ದೆಯಿಲ್ಲವೆಂದು ಬರುತ್ತಿದ್ದರು. ಮೇಜಿನ ಮೇಲೆ ಇಟ್ಟ ನೀರಿನ ಲೋಟವನ್ನು ಮುಟ್ಟುತ್ತಿರಲಿಲ್ಲ, ಚೀಲದಿಂದ ತಮ್ಮ ಬಾಟಲಿ ತೆಗೆದು ಕುಡಿಯುತ್ತಿದ್ದರು. ನಾನು ಆಗಷ್ಟೇ ಒಂದಿಷ್ಟು ಓದಿಕೊಂಡಿದ್ದೆ. ಶತಮಾನಗಳ ಅವಮಾನ ಆ ಬಾಟಲಿಯಲ್ಲಿ ಕಂಡಿತು. ಮೂರನೇ ಭೇಟಿಯಲ್ಲಿ ಬಹಳ ಮೆತ್ತಗೆ ಆ ವಿಷಯ ಎತ್ತಿದೆ. "ಕಾಮಾಲೆ ಆಗಿತ್ತು ಮೇಡಂ, ಕಾಯಿಸಿ ಆರಿಸಿದ ನೀರನ್ನೇ ಕುಡಿಯಬೇಕಂತೆ" ಎಂದರು. ಅವಮಾನ ಇರಲಿಲ್ಲವೆಂದಲ್ಲ. ಕೆಲವು ವಾರಗಳ ನಂತರ ಅವರಾಗಿಯೇ ಹೇಳಿದರು: ಇಪ್ಪತ್ತು ವರ್ಷದಿಂದ ಕಚೇರಿಯಲ್ಲಿ ತಮ್ಮ ಮಗನ ವಯಸ್ಸಿನವರೂ ಏಕವಚನದಲ್ಲೇ ಕರೆಯುತ್ತಾರೆ, ಹೆಸರು ಹಿಡಿದು ಬಹುವಚನದಲ್ಲಿ ಮಾತಾಡಿಸಿದ್ದು ಈ ಕೋಣೆಯಲ್ಲೇ ಮೊದಲು. ನಾನು ಹುಡುಕಿದ್ದು ಲೋಟದಲ್ಲಿ, ಅದು ಇದ್ದದ್ದು ಸರ್ವನಾಮದಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ, ನಾನು ಅತ್ಯಂತ ಕೆಟ್ಟದಾಗಿ ಸೋತದ್ದು ನನಗಿಂತ ಬೇರೆಯಾಗಿದ್ದವರ ಮುಂದೆ ಅಲ್ಲ. ನನ್ನದೇ ಊರಿನ ಹುಡುಗ, ನನ್ನದೇ ಜಾತಿ, ನಾನು ಓದಿದ ಶಾಲೆಯಲ್ಲೇ ಓದಿದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರಿನ ಹೆಸರು ಕೇಳಿದ್ದೇ ತಡ, "ಹೌದೇನೋ, ಯಾವ ಬೀದಿ?" ಎಂದುಬಿಟ್ಟೆ. ಆಗ ನನಗೆ ಎಂಟು ವರ್ಷದ ಅನುಭವ. ಪೌರಕಾರ್ಮಿಕರಿಗೆ ಕೊಟ್ಟ ಬಹುವಚನವನ್ನು ಇವನಿಂದ ಮೊದಲ ನಿಮಿಷದಲ್ಲೇ ಕಿತ್ತುಕೊಂಡೆ, ಅದೂ ಅಕ್ಕರೆಯ ಹೆಸರಿನಲ್ಲಿ. ಮನೆಯಲ್ಲಿ ಮದುವೆಗೆ ಒತ್ತಾಯ ಎಂದ. ನನಗೆ ಎಲ್ಲ ತಿಳಿದುಹೋಯಿತು. ಆ ಅಮ್ಮಂದಿರನ್ನು, ಆ ಜಾತಕದ ಕಟ್ಟುಗಳನ್ನು, ಆ ಸೋದರಮಾವಂದಿರನ್ನು ನಾನು ಬಲ್ಲೆ! ಬೇರೆಯವರಿಗೆ ಹತ್ತು ಪ್ರಶ್ನೆ ಕೇಳುವ ಕಡೆ ಇವನಿಗೆ ಒಂದನ್ನೂ ಕೇಳಲಿಲ್ಲ, ಬದಲಿಗೆ ತಲೆಯಾಡಿಸಿದೆ. ಐದು ಸಲ ಬಂದ, ಆರನೆಯ ಸಲ ಬರಲಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ತೀರ್ಪು ಕೊಟ್ಟು, ಪರಸ್ಪರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅದೇ ತಿಂಗಳು ಅವನಿಂದ ಇಮೇಲ್ ಬಂತು, ಇಂಗ್ಲಿಷಿನಲ್ಲಿ. ನನ್ನನ್ನು ಬಿಟ್ಟ ಮೇಲೆ ಕನ್ನಡ ಬಾರದ ಮಲಯಾಳಿ ಚಿಕಿತ್ಸಕರೊಬ್ಬರ ಬಳಿ ಎರಡು ವರ್ಷ ಹೋದನಂತೆ. ನಿಮ್ಮ ದನಿ ನನ್ನ ಚಿಕ್ಕಮ್ಮನ ದನಿಯ ಹಾಗೇ ಇತ್ತು, ಕನ್ನಡದಲ್ಲಿ ಆ ಮಾತಿಗೆ ನನಗೆ ಗೊತ್ತಿದ್ದ ಪದಗಳೆಲ್ಲ ಶಾಲೆಯ ಹಿತ್ತಿಲಿನಲ್ಲಿ ಹುಡುಗರು ಕೂಗುತ್ತಿದ್ದ ಬೈಗುಳಗಳು, ಎಂದು ಬರೆದಿದ್ದ. ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ತಾಯ್ನುಡಿಯಲ್ಲೇ ಮನಸ್ಸು ಬಿಚ್ಚಿಕೊಳ್ಳುತ್ತದೆ ಎಂದು ನಾನು ಅಲ್ಲಿಯವರೆಗೆ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೆ. ಈಗ ಮೊದಲ ಭೇಟಿಯಲ್ಲೇ ಯಾವ ಭಾಷೆಯಲ್ಲಿ ಮಾತಾಡೋಣ ಎಂದು ಕೇಳುತ್ತೇನೆ, ಎದುರಿಗಿರುವವರು ಅಚ್ಚ ತುಮಕೂರಿನ ಕನ್ನಡ ಆಡುತ್ತಿದ್ದರೂ. ನಮ್ಮೂರಿನವರು ಬಂದರೆ ಬಹುವಚನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಅದು ಸ್ವಲ್ಪ ಕೃತಕವಾಗಿ ಕೇಳಿಸುತ್ತದೆ, ಕೇಳಿಸಲಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಕಲಿಸುವುದಿಲ್ಲ, ತಿದ್ದುತ್ತಾರೆ. ತಿದ್ದುವವರಲ್ಲಿ ಹೆಚ್ಚಿನವರು ರೋಗಿಗಳು. ಅದಕ್ಕೇ ಒಳ್ಳೆಯ ಸೂಪರ್‌ವೈಸರ್ ಸಿಗುವ ಜಾಗವನ್ನೇ ಆರಿಸಿ, ಕಟ್ಟಡ ನೋಡಬೇಡಿ. ಹದಿನೇಳು ವರ್ಷವಾದರೂ ನಾನು ತಿಂಗಳಿಗೆರಡು ಸಲ ನನ್ನ ಕೇಸುಗಳನ್ನು ಹಿರಿಯರೊಬ್ಬರ ಮುಂದೆ ಇಡುತ್ತೇನೆ, ಅದಕ್ಕೆ ಹಣವನ್ನೂ ಕೊಡುತ್ತೇನೆ.

ಕನ್ನಡ ಮಾಧ್ಯಮದ ಬಗ್ಗೆ ಕೇಳಿದ್ದೀರಿ. ಈ ಕೋರ್ಸುಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ ಎಂದುಕೊಂಡೇ ತಯಾರಾಗಿ, ಪುಸ್ತಕಗಳೂ ಅದರಲ್ಲೇ. ಈಗಿನಿಂದಲೇ ದಿನಕ್ಕೆ ನಾಲ್ಕು ಪುಟ ಓದಿ, ನಿಘಂಟು ಪಕ್ಕದಲ್ಲಿರಲಿ. ಅದು ಎರಡು ವರ್ಷದಲ್ಲಿ ಕೈಗೆ ಹತ್ತುವ ಕೆಲಸ. ಇನ್ನೊಂದು ಮಾತು, ಆರು ತಿಂಗಳಲ್ಲಿ ಚಿಕಿತ್ಸಕರಾಗಿ ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬರುತ್ತಿರಬಹುದು. ಯಾವ ಕೋರ್ಸಿಗಾದರೂ ಶುಲ್ಕ ಕಟ್ಟುವ ಮೊದಲು ಆ ಕಾಲೇಜಿನ ಹೆಸರು ಆರ್‌ಸಿಐ ಮಾನ್ಯತೆಯ ಪಟ್ಟಿಯಲ್ಲಿ ಇದೆಯೇ ಎಂದು ನೀವೇ ಕಣ್ಣಾರೆ ನೋಡಿ. ಕಳೆದ ವರ್ಷ ಸಲಹೆಗೆಂದು ನನ್ನ ಬಳಿ ಬಂದ ಮೂವರು ಹುಡುಗಿಯರು ಹಣ ಕಟ್ಟಿದ ಮೇಲೆ ನೋಡಿದ್ದರು.