ಹಕ್ಕಿಮರಿ ಹಾಡು ಕಲಿಯೋದೂ ಮಗು ಮಾತು ಕಲಿಯೋದೂ ಒಂದೇನಾ?

ಬಹಳ ಮಟ್ಟಿಗೆ ಹೌದು, ಆದರೆ ಎಲ್ಲ ಹಕ್ಕಿಗಳಲ್ಲೂ ಅಲ್ಲ. ಗಂಡು ಕೋಗಿಲೆಯನ್ನೇ ನೋಡಿ, ಕಾಗೆ ಗೂಡಲ್ಲಿ ಬೆಳೆದರೂ ದೊಡ್ಡದಾದ ಮೇಲೆ ಕುಹೂ ಅಂತಲೇ ಕೂಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಕೋಳಿಯೂ ಅಷ್ಟೆ.

ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಕಥೆ ಬೇರೆ. ಅದರ ಗಂಡುಮರಿ ಅಪ್ಪನಂಥ ದೊಡ್ಡ ಹಕ್ಕಿಯ ಹಾಡು ಕೇಳಿಯೇ ಕಲಿಯಬೇಕು (ಹೆಣ್ಣು ಹಾಡುವುದೇ ಇಲ್ಲ). ಮೊದಲು ಸುಮ್ನೆ ಕೇಳುತ್ತದೆ. ಆಮೇಲೆ ನಮ್ಮ ಏಳೆಂಟು ತಿಂಗಳ ಕೂಸು 'ಬಬಬ, ದದದ' ಅನ್ನುವ ಹಾಗೆ ಏನೇನೋ ಗುನುಗುತ್ತ, ತನ್ನ ದನಿಯನ್ನು ತಾನೇ ಕೇಳಿ ತಿದ್ದಿಕೊಳ್ಳುತ್ತ, ಸುಮಾರು 90 ದಿನಕ್ಕೆ ಹಾಡು ಗಟ್ಟಿ ಮಾಡಿಕೊಳ್ಳುತ್ತದೆ. ಎಳೆಯದರಲ್ಲೇ ಕಿವಿ ಹೋದರೆ ಹಾಡು ಸರಿಯಾಗಿ ಬರುವುದಿಲ್ಲ.

ಅಂದಹಾಗೆ, ನಮ್ಮ ದನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಯದ್ದು ಇನ್ನೂ ಕೆಳಗೆ, ಉಸಿರುಕೊಳವೆ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಅದಕ್ಕೇ ಕೆಲವು ಹಕ್ಕಿಗಳು ಒಟ್ಟಿಗೇ ಎರಡು ಸ್ವರ ಹೊರಡಿಸುತ್ತವೆ!