ಊರಿನ ನಾಗರಿಕ ಸಮಾವೇಶಕ್ಕೆ ಬರಲಾಗದವರನ್ನು ಜಾಲತಾಣದ ಮೂಲಕ ಸೇರಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಚಿತ್ರದುರ್ಗದಲ್ಲಿ ಕುಡಿಯುವ ನೀರು ಮತ್ತು ಕಸದ ಸಮಸ್ಯೆ ಕುರಿತು ಒಂದು ದಿನದ ನಾಗರಿಕ ಸಮಾವೇಶ ನಡೆಸುತ್ತಿದ್ದೀರಿ, ಹಣ ಹೆಚ್ಚಿಲ್ಲ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನವರೂ ಫೇಸ್‌ಬುಕ್, ಯೂಟ್ಯೂಬ್, ವಾಟ್ಸ್‌ಆ್ಯಪ್ ಮೂಲಕ ಭಾಗವಹಿಸಬೇಕು. ದಾವಣಗೆರೆಯಲ್ಲಿ ಬಡಾವಣೆಯ ಸಭೆಗಳಿಗೆ ಈ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡಿಕೊಡುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಸಭೆಯನ್ನು ತೋರಿಸಬೇಕೋ, ಸಭೆಗೆ ಸೇರಿಸಿಕೊಳ್ಳಬೇಕೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ತೋರಿಸುವುದಾದರೆ ಒಂದು ಮೊಬೈಲ್, ಒಂದು ಸ್ಟ್ಯಾಂಡ್ ಸಾಕು. ಜನ ದೀಪ ಬೆಳಗುವುದನ್ನೂ ಹಾರ ತುರಾಯಿಯನ್ನೂ ನೋಡಿ, ಕೈಮುಗಿದ ಚಿತ್ರವೊಂದನ್ನು ಒತ್ತಿ ಹೊರಟುಹೋಗುತ್ತಾರೆ. ಸೇರಿಸಿಕೊಳ್ಳುವುದಾದರೆ ಹೊರಗಿನವರ ಪ್ರಶ್ನೆ ಸಭಾಂಗಣದ ಮೈಕಿನಲ್ಲಿ ಕೇಳಿಸಬೇಕು, ವೇದಿಕೆಯವರು ಅದಕ್ಕೆ ಉತ್ತರ ಕೊಡಬೇಕು, ಕೊನೆಗೆ ಓದುವ ನಿರ್ಣಯದಲ್ಲಿ ಅದರ ಗುರುತು ಉಳಿಯಬೇಕು. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಸಂಕೋಚವಿಲ್ಲದ ಒಬ್ಬ ವ್ಯಕ್ತಿ ಬೇಕು.

ಆ ವ್ಯಕ್ತಿಗೆ ಅಂದು ಬೇರೆ ಯಾವ ಕೆಲಸವನ್ನೂ ಒಪ್ಪಿಸಬೇಡಿ. ಊಟದ ಕೂಪನ್ ಹಂಚುವವರನ್ನೇ ಕರೆದು ‘ಕಾಮೆಂಟ್ ಕೂಡ ನೋಡಿಕೊಳ್ಳಿ’ ಎಂದರೆ ಎರಡೂ ಕೆಡುತ್ತವೆ. ಅವರು ಮುಂದಿನ ಸಾಲಿನಲ್ಲಿ ಪ್ರತ್ಯೇಕ ಮೈಕ್ ಹಿಡಿದು ಕೂರಬೇಕು, ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಬೇಕು, ‘ಬೆಂಗಳೂರಿನ ವಿಜಯನಗರದಿಂದ ಒಬ್ಬರು ಕೇಳುತ್ತಿದ್ದಾರೆ’ ಎಂದು ಎದ್ದುನಿಂತು ಓದಬೇಕು. ನನ್ನ ಅನುಭವದಲ್ಲಿ ಪ್ರೌಢಶಾಲೆಯ ಶಿಕ್ಷಕಿಯರು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತಾರೆ. ಮಾತು ಮುಗಿಸದ ಗಣ್ಯರನ್ನು ಮರ್ಯಾದೆಯಿಂದಲೇ ನಿಲ್ಲಿಸುವ ಅಭ್ಯಾಸ ಅವರಿಗಿರುತ್ತದೆ. ಸಭಾಂಗಣದಿಂದ ಎರಡು ಪ್ರಶ್ನೆಯಾದ ಮೇಲೆ ಹೊರಗಿನಿಂದ ಒಂದು ಎಂದು ಅಧ್ಯಕ್ಷರ ಜೊತೆ ಮೊದಲೇ ಮಾತನಾಡಿ ಒಪ್ಪಿಸಿ. ‘ಸಮಯ ಉಳಿದರೆ ನೋಡೋಣ’ ಎಂದಿರೋ, ಉಳಿಯುವುದಿಲ್ಲ. ನಮ್ಮ ಕಡೆ ಸ್ವಾಗತ ಭಾಷಣವೇ ಅರ್ಧ ಗೋಷ್ಠಿಯನ್ನು ನುಂಗುತ್ತದೆ.

ಇನ್ನು ಧ್ವನಿ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಒಂದು ನಿಮಿಷವೂ ಕೂರುವುದಿಲ್ಲ. ಸಭಾಂಗಣದ ಮಧ್ಯೆ ಇಟ್ಟ ಮೊಬೈಲ್‌ಗೆ ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದು ಮತ್ತು ಪ್ರತಿಧ್ವನಿಯೇ ಹೆಚ್ಚು ತಲುಪುತ್ತದೆ. ಮೈಕ್‌ಸೆಟ್‌ನವರನ್ನು ಹಿಂದಿನ ದಿನವೇ ಕಂಡು, ಅವರ ಮಿಕ್ಸರ್‌ನಿಂದ, ಅಂದರೆ ಎಲ್ಲ ಮೈಕ್‌ಗಳ ಧ್ವನಿ ಬಂದು ಸೇರುವ ಪೆಟ್ಟಿಗೆಯಿಂದ, ನಿಮ್ಮ ಮೊಬೈಲ್‌ಗೋ ಲ್ಯಾಪ್‌ಟಾಪ್‌ಗೋ ನೇರವಾಗಿ ವೈರ್ ಕೊಡಿಸಿಕೊಳ್ಳಿ. ಅವರಿಗೆ ಇನ್ನೊಂದು ಮಾತನ್ನೂ ಹೇಳಿ: ಸಭೆಗೆ ಮುಂಚೆ ಸಿನಿಮಾ ಹಾಡು ಹಾಕುವ ರೂಢಿ ಇದೆಯಲ್ಲ, ನೇರಪ್ರಸಾರ ಶುರುವಾದ ಮೇಲೆ ಅದು ಬೇಡ. ಹಾಡಿನ ಹಕ್ಕು ಬೇರೆಯವರದು ಎಂದು ಯೂಟ್ಯೂಬ್‌ನ ಯಂತ್ರವೇ ಗುರುತಿಸಿ ಪ್ರಸಾರವನ್ನು ತಡೆಯಬಹುದು.

ಯೂಟ್ಯೂಬ್‌ನಲ್ಲಿ ಹೊಸ ಚಾನೆಲ್ ತೆರೆದ ದಿನವೇ ನೇರಪ್ರಸಾರ ಆಗುವುದಿಲ್ಲ. ಮೊದಲ ಸಲ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು; ಮೊಬೈಲ್‌ನಿಂದಲೇ ಪ್ರಸಾರ ಮಾಡುವುದಾದರೆ ಕನಿಷ್ಠ 50 ಚಂದಾದಾರರು ಬೇಕು. ವಾರದ ಮುಂಚೆಯೇ ಇದನ್ನು ಮುಗಿಸಿಡಿ. ಪ್ರಸಾರ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದಷ್ಟು ತಡವಾಗಿ ತಲುಪುತ್ತದೆ ಎಂಬುದನ್ನು ನಿರೂಪಕರಿಗೆ ತಿಳಿಸಿರಿ. ‘ಯಾರಿಗಾದರೂ ಪ್ರಶ್ನೆ ಇದೆಯೇ? ಇಲ್ಲ, ಸರಿ’ ಎಂದು ಅವರು ಮುಂದೆ ಹೋಗುವಾಗ ಬೆಂಗಳೂರಿನವರಿಗೆ ಆ ಪ್ರಶ್ನೆಯೇ ಇನ್ನೂ ಕೇಳಿಸಿರುವುದಿಲ್ಲ. ಸೆಟ್ಟಿಂಗ್‌ನಲ್ಲಿ ವಿಳಂಬ ಕಡಿಮೆ ಮಾಡುವ ಆಯ್ಕೆಯಿದೆ. ಆದರೆ ಇಂಟರ್‌ನೆಟ್ ದುರ್ಬಲವಾಗಿದ್ದರೆ ಅದರಿಂದ ಪ್ರಸಾರ ತಡೆತಡೆದು ಬರುತ್ತದೆ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ನಿಂತುಹೋಗುವುದರಿಂದ ಇಡೀ ದಿನಕ್ಕೆ ಅದನ್ನು ನೆಚ್ಚಬೇಡಿ. ಹೊರಗಿನ ಒಬ್ಬರನ್ನು ಮಾತನಾಡಿಸಬೇಕಾದಾಗ ಸಾದಾ ಫೋನ್ ಕರೆ ಮಾಡಿ ಮೈಕಿಗೆ ಹಿಡಿದರೂ ಕೆಲಸ ನಡೆಯುತ್ತದೆ.

ಯಾರನ್ನು ಕರೆಯಬೇಕು ಎಂಬುದರಲ್ಲಿ ನಿಮಗಿಂತ ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನವರು ಬರಲಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ನಗರಕ್ಕೆ ನೀರು ಬರುವುದು ಶಾಂತಿಸಾಗರದಿಂದ, ಅಂದರೆ ಸೂಳೆಕೆರೆಯಿಂದ, ಮತ್ತು ವಾಣಿವಿಲಾಸ ಸಾಗರದಿಂದ. ಒಂದು ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿದೆ, ಇನ್ನೊಂದು ಹಿರಿಯೂರು ತಾಲ್ಲೂಕಿನಲ್ಲಿ. ಆ ಎರಡರ ಅಂಚಿನ ರೈತರಿಲ್ಲದೆ ಚಿತ್ರದುರ್ಗದ ನೀರಿನ ಬಗ್ಗೆ ಸಮಾವೇಶ ಮಾಡಿದರೆ ಅರ್ಧ ಮಾತು ಹೊರಗೇ ಉಳಿಯುತ್ತದೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಆ ವಿಡಿಯೊ ನೋಡದ ಮೊಬೈಲ್ ನಮ್ಮ ಎರಡು ಜಿಲ್ಲೆಗಳಲ್ಲಿ ಇರಲಿಲ್ಲವೇನೋ. ನೋಡುವವರು ಇದ್ದಾರೆ, ಅವರು ಪ್ರಶ್ನೆ ಕೇಳುವ ದಾರಿಯನ್ನು ನೀವು ಮಾಡಿಕೊಡಬೇಕು. ನಿಮ್ಮ ಪಕ್ಕದ ಬೀದಿಯಲ್ಲಿಯೂ ಬರಲಾಗದವರಿದ್ದಾರೆ: ನಲ್ಲಿ ನೀರು ಬಿಡುವ ಹೊತ್ತಿಗೆ ಮನೆ ಬಿಡಲಾಗದ ಗೃಹಿಣಿಯರು, ದಿನಗೂಲಿ ಕಳೆದುಕೊಳ್ಳಲಾಗದವರು, ಮೆಟ್ಟಿಲು ಹತ್ತಲಾಗದ ಹಿರಿಯರು. ನೀರಿನ ಕಷ್ಟ ಹೆಚ್ಚು ಗೊತ್ತಿರುವುದು ಇವರಿಗೇ.

ಇಂಥವರಲ್ಲಿ ಅನೇಕರು ಯೂಟ್ಯೂಬ್‌ನಲ್ಲಿ ಬರೆಯುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ಆದರೆ ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಬೇಡಿ. 1,024 ಜನರ ಗುಂಪು ಮಾಡಬಹುದು ನಿಜ, ಅಷ್ಟೂ ಜನರಿಗೆ ಪರಸ್ಪರರ ನಂಬರ್ ಕಾಣುತ್ತದೆ. ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಹೊರಬೀಳುತ್ತಾರೆ. ಸಮಾವೇಶಕ್ಕೆಂದೇ ಒಂದು ಸಿಮ್ ತೆಗೆದುಕೊಂಡು, ಆ ನಂಬರಿಗೆ ನೇರವಾಗಿ ಕಳಿಸಲು ಹೇಳಿ. ಪ್ರಶ್ನೆಗಳನ್ನು ಮೂರು ದಿನ ಮುಂಚೆಯೇ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಹೆಸರು ಹೇಳಬೇಡಿ ಎಂದವರ ಹೆಸರನ್ನು ಮೈಕಿನಲ್ಲಿ ಓದಬೇಡಿ.

ನಿರ್ಣಯದ ವಿಷಯದಲ್ಲಿ ಎಚ್ಚರವಿರಲಿ. ಲೈಕ್‌ಗಳನ್ನು ಮತವೆಂದು ಎಣಿಸಿದರೆ ಮರುದಿನವೇ ಜಗಳ. ಸಭಾಂಗಣದಲ್ಲಿ ಒಪ್ಪಿದವರು ಇಷ್ಟು, ಹೊರಗಿನಿಂದ ಹೆಸರು ಮತ್ತು ವಾರ್ಡ್ ತಿಳಿಸಿ ಒಪ್ಪಿದವರು ಇಷ್ಟು ಎಂದು ಬೇರೆಬೇರೆಯಾಗಿ ಬರೆಯಿರಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಿಗೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ದಾವಣಗೆರೆ ಆ ಲೆಕ್ಕಕ್ಕೆ ಬರುತ್ತದೆ, ಚಿತ್ರದುರ್ಗ ನಗರ ಬರುವುದಿಲ್ಲ. ಹಾಗಾಗಿ ನಿಮ್ಮ ನಿರ್ಣಯ ನಗರಸಭೆಗೆ ಕೊಡುವ ಮನವಿ ಮಾತ್ರ. ಲೆಕ್ಕ ಸ್ವಚ್ಛವಾಗಿದ್ದಷ್ಟೂ ಅದಕ್ಕೆ ತೂಕ.

ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದರೆ ವಿಡಿಯೊವನ್ನು ಅಂದೇ ಇಳಿಸಿಟ್ಟುಕೊಳ್ಳಿ. 2025ರಿಂದ ಅಲ್ಲಿ ನೇರಪ್ರಸಾರದ ವಿಡಿಯೊ 30 ದಿನ ಮಾತ್ರ ಇರುತ್ತದೆ. ಉತ್ತರ ಸಿಗದೆ ಉಳಿದ ಪ್ರಶ್ನೆಗಳ ಪಟ್ಟಿಯನ್ನೂ ಅದರ ಜೊತೆಗಿಟ್ಟು, ಮನವಿಯ ಹಿಂದೆ ಲಗತ್ತಿಸಿ ನಗರಸಭೆಯಿಂದ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.